ದೇವರ ಹೆಸರಿನಲ್ಲಿ, ದೇವರ ಹೆಸರಿಲ್ಲದೆ

1949ರ ಅಕ್ಟೋಬರ್ 17ರಂದು ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ ದೇವರ ಹೆಸರು ಮತದಾನಕ್ಕೆ ಬಂತು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಹುದ್ದೆಗೆ ರಾಜೀನಾಮೆ ಕೊಟ್ಟು ಸುಭಾಷಚಂದ್ರ ಬೋಸರ ಜೊತೆ ಸೇರಿದ್ದ ಎಚ್.ವಿ. ಕಾಮತರು, ಸಂವಿಧಾನದ ಪೀಠಿಕೆಯು 'ದೇವರ ಹೆಸರಿನಲ್ಲಿ' ಎಂಬ ಮಾತಿನಿಂದಲೇ ಆರಂಭವಾಗಬೇಕು ಎಂಬ ತಿದ್ದುಪಡಿಯನ್ನು ಮಂಡಿಸಿದರು. ದೇವರ ಬಗ್ಗೆ ಮತ ಹಾಕುವ ಸಂಕಟಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿಯವರು ಅವರನ್ನು ಕೇಳಿಕೊಂಡರು. ದೇವಿಯನ್ನು ಆರಾಧಿಸುವ ನಾಡಿನಿಂದ ಬಂದ ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿಯವರು, ದೇವರ ಹೆಸರು ಸೇರುವುದಾದರೆ ದೇವಿಯ ಹೆಸರೇಕೆ ಬೇಡ ಎಂದರು. ಕಾಮತರು ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದವು.

ನನ್ನನ್ನು ಮತ್ತೆ ಮತ್ತೆ ಆ ದಿನದ ಚರ್ಚೆಗೆ ಎಳೆದುಕೊಂಡು ಹೋಗುವುದು ಸೋಲು ಗೆಲುವಿನ ಲೆಕ್ಕವಲ್ಲ, ವಿರೋಧಿಸಿದವರು ಕೊಟ್ಟ ಕಾರಣ. ಹೃದಯನಾಥ ಕುಂಜ್ರೂ ಅವರು ದೇವರಿಲ್ಲ ಎಂದು ವಾದಿಸಲಿಲ್ಲ. ಇದು ಪವಿತ್ರವಾದ ವಿಷಯ, ಆದ್ದರಿಂದಲೇ ಹಲವರ ಭಾವನೆಯನ್ನು ಎಲ್ಲರ ಮೇಲೆ ಹೇರಬಾರದು, ವಿಚಾರ ಮತ್ತು ನಂಬಿಕೆಗಳ ಸ್ವಾತಂತ್ರ್ಯದ ಮಾತು ಕೊಡುವ ಪೀಠಿಕೆಯ ನೆತ್ತಿಯ ಮೇಲೆಯೇ ಆ ಸ್ವಾತಂತ್ರ್ಯಕ್ಕೆ ವಿರುದ್ಧವಾದ ಸಾಲನ್ನು ಬರೆಯಬಾರದು ಎಂಬುದು ಅವರ ವಾದದ ತಿರುಳಾಗಿತ್ತು. ಅಂದರೆ ದೇವರ ಹೆಸರನ್ನು ಪೀಠಿಕೆಯಿಂದ ದೂರವಿಡಲು ನಾಸ್ತಿಕರೇ ಬೇಕಾಗಲಿಲ್ಲ. ದೇವರನ್ನು ಗೌರವಿಸುವ ಮನಸ್ಸೂ ಆ ಕೆಲಸಕ್ಕೆ ಸಾಕಾಯಿತು. ಇನ್ನು ಸೋತ ಕಾಮತರು? ತುರ್ತು ಪರಿಸ್ಥಿತಿಯ ಅಧಿಕಾರಗಳನ್ನು ಸಂವಿಧಾನದಲ್ಲಿ ಸೇರಿಸುವಾಗ ಅತ್ಯಂತ ಕಟುವಾಗಿ ಪ್ರತಿಭಟಿಸಿದವರಲ್ಲಿ ಅವರೂ ಒಬ್ಬರು. ಪೀಠಿಕೆಗೆ ದೇವರನ್ನು ತರಲು ಹೊರಟಿದ್ದ ಮನುಷ್ಯನೇ ಪ್ರಜೆಯ ಸ್ವಾತಂತ್ರ್ಯಕ್ಕೆ ಕಾವಲು ನಿಂತಿದ್ದನ್ನು ನೋಡಿದಾಗ, ಆಸ್ತಿಕ, ನಾಸ್ತಿಕ ಎಂಬ ಎರಡು ಸಾಲುಗಳಲ್ಲಿ ಜನರನ್ನು ನಿಲ್ಲಿಸಿ ನ್ಯಾಯವಂತರು ಯಾವ ಸಾಲಿನವರು ಎಂದು ಕೇಳುವ ನಮ್ಮ ಅಭ್ಯಾಸ ಎಷ್ಟು ದುರ್ಬಲವಾದದ್ದು ಎಂದು ತಿಳಿಯುತ್ತದೆ.

ಅದೇ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಪ್ರಮಾಣವಚನದ ನಮೂನೆಗಳಿವೆ. ಮಂತ್ರಿಯಾಗುವವರು, ನ್ಯಾಯಮೂರ್ತಿಗಳಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರನ್ನು ಹೆಸರಿಸದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಆಯ್ಕೆಯ ಆ ಮಾತನ್ನು ದಾಟಿದ ಮೇಲೆ ಮುಂದಿನ ವಾಕ್ಯ ಇಬ್ಬರಿಗೂ ಒಂದೇ. ಯಾವ ಭಯ ಪಕ್ಷಪಾತವೂ ಇಲ್ಲದೆ, ರಾಗದ್ವೇಷವಿಲ್ಲದೆ ಕೆಲಸ ಮಾಡುತ್ತೇನೆ ಎಂಬ ಮಾತಿಗೆ ಬಂದಾಗ ದೇವರನ್ನು ನಂಬಿದವರಿಗೆ ರಿಯಾಯಿತಿಯಿಲ್ಲ, ನಂಬದವರಿಗೆ ಹೆಚ್ಚಿನ ಹೊರೆಯೂ ಇಲ್ಲ. ನಂಬಿಕೆ ಮತ್ತು ನಾಸ್ತಿಕತೆ ಎರಡೂ ಒಂದು ನ್ಯಾಯವಾದ ಸಮಾಜಕ್ಕೆ ದಾರಿ ತೋರಿಸಬಲ್ಲವೇ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ. ಆದರೆ ಕಾಗದದ ಮೇಲಿನ ಉತ್ತರ ಮನೆಯೊಳಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಬೇರೆಯೇ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ದೇವರ ಭಯವಿಲ್ಲದಿದ್ದರೆ ಮನುಷ್ಯ ಯಾವ ಪಾಪಕ್ಕೂ ಹೇಸುವುದಿಲ್ಲ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ದೇವರೇ ಎಲ್ಲ ಅನ್ಯಾಯಗಳ ಬೇರು, ಅದನ್ನು ಕಿತ್ತರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನೂ ಅಷ್ಟೇ ಕೇಳಿದ್ದೇನೆ. ಮೊದಲನೆಯದನ್ನು ಸುಳ್ಳು ಮಾಡಲು ನಮ್ಮ ನಾಡಿನ ಅಸ್ಪೃಶ್ಯತೆಯೊಂದೇ ಸಾಕು: ದೇವರಿಗೆ ಹೆದರುವ ಜನರೇ, ದೇವರಿಗೆ ಹೆದರಿಯೇ, ಮನುಷ್ಯರನ್ನು ಕೆರೆಯಿಂದ, ಬಾವಿಯಿಂದ, ಗುಡಿಯಿಂದ ಶತಮಾನಗಳ ಕಾಲ ದೂರವಿಟ್ಟರು. ಎರಡನೆಯದಕ್ಕೆ ಅಲ್ಬೇನಿಯಾ ಇದೆ. 1967ರಲ್ಲಿ ಆ ದೇಶ ತನ್ನನ್ನು ನಾಸ್ತಿಕ ರಾಷ್ಟ್ರವೆಂದು ಸಾರಿಕೊಂಡು, ಮಸೀದಿ ಚರ್ಚುಗಳನ್ನು ಮುಚ್ಚಿಸಿ, ಪ್ರಾರ್ಥನೆ ಮಾಡಿದವರನ್ನು ಸೆರೆಮನೆಗೆ ತಳ್ಳಿತು. ದೇವರು ಹೋದ ಜಾಗಕ್ಕೆ ಪಕ್ಷವೂ ಅದರ ನಾಯಕನೂ ಬಂದು ಕೂತರು. ಈ ಎರಡು ಪಟ್ಟಿಗಳನ್ನು ಎಷ್ಟು ಉದ್ದಕ್ಕೆ ಬೇಕಾದರೂ ಬೆಳೆಸಬಹುದು, ಆದರೆ ಒಬ್ಬರ ಪಾಪವನ್ನು ಇನ್ನೊಬ್ಬರ ಪಾಪದಿಂದ ಕಳೆದರೆ ಉಳಿಯುವ ಲೆಕ್ಕದಿಂದ ಯಾರಿಗೂ ಉಪಯೋಗವಿಲ್ಲವಾದ್ದರಿಂದ ನಾನು ಅದನ್ನು ಇಲ್ಲಿಗೇ ಬಿಡುತ್ತೇನೆ.

ನನಗೆ ಹೆಚ್ಚು ಕಲಿಸಿದ್ದು ಗಾಂಧಿ ಮತ್ತು ಗೋರಾ ಅವರ ಕಥೆ. ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, 1902ರಲ್ಲಿ ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು, ಸಸ್ಯಶಾಸ್ತ್ರದ ಅಧ್ಯಾಪಕರು, ನಾಸ್ತಿಕತೆಯನ್ನು ಬಹಿರಂಗವಾಗಿ ಹೇಳಿದ್ದಕ್ಕೆ ಕಾಕಿನಾಡದ ಕಾಲೇಜಿನ ಕೆಲಸ ಕಳೆದುಕೊಂಡವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಅವರೂ ಅವರ ಪತ್ನಿ ಸರಸ್ವತಿಯವರೂ ನಾಸ್ತಿಕ ಕೇಂದ್ರವನ್ನು ಕಟ್ಟಿದರು. ಅಲ್ಲಿ ನಡೆಯುತ್ತಿದ್ದುದು ದೇವರ ನಿಂದೆಗಿಂತ ಹೆಚ್ಚಾಗಿ ಸಹಭೋಜನ, ಅಕ್ಷರ ಕಲಿಕೆ, ಅಸ್ಪೃಶ್ಯತೆಯ ವಿರುದ್ಧದ ಕೆಲಸ. 1944ರ ಕೊನೆಯಲ್ಲಿ ಗೋರಾ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯನ್ನು ಕಂಡರು. ದೇವರಿಲ್ಲದವನ ಜೊತೆ ನಾನೇನು ಮಾತಾಡಲಿ ಎಂದು ಗಾಂಧೀಜಿ ಕೇಳಿದಾಗ, ನಾನು ದೇವರಿಲ್ಲದವನಲ್ಲ, ನಾಸ್ತಿಕ ಎಂದು ಗೋರಾ ಉತ್ತರಿಸಿದರು. ಇಲ್ಲದಿರುವುದು ಒಂದು ಕೊರತೆ, ನಾಸ್ತಿಕತೆ ಕೊರತೆಯಲ್ಲ, ತಾನು ಆರಿಸಿಕೊಂಡ ಒಂದು ನಿಲುವು ಎಂಬುದನ್ನು ಅವರು ಆ ಒಂದು ಮಾತಿನಲ್ಲಿ ಹೇಳಿದ್ದರು ಎಂದು ನನಗನ್ನಿಸುತ್ತದೆ.

ಮಾತು ಮುಂದುವರಿದಾಗ ಗೋರಾ ಕಲ್ಕತ್ತೆಯಲ್ಲಿ ತಾವು ಕಣ್ಣಾರೆ ಕಂಡದ್ದನ್ನು ಮುಂದಿಟ್ಟರು. ಬಂಗಾಳದ ಕ್ಷಾಮದಲ್ಲಿ ಹಸಿದ ಜನರು ಸಿಹಿತಿಂಡಿ, ಹಣ್ಣುಗಳನ್ನು ಜೋಡಿಸಿಟ್ಟ ಅಂಗಡಿಗಳ ಮಗ್ಗುಲಲ್ಲೇ ಬಿದ್ದು ಸಾಯುತ್ತಿದ್ದರು, ಕೈಚಾಚಿ ಕಸಿದುಕೊಳ್ಳುವವರಿರಲಿಲ್ಲ. ಹಣೆಬರಹ ಎಂಬ ನಂಬಿಕೆ ಹಸಿದವನ ಕೈಯನ್ನೂ ಕಟ್ಟಿಹಾಕಿತು, ಉಂಡವನ ಕರುಳನ್ನೂ ಕಲ್ಲುಮಾಡಿತು ಎಂಬುದು ಗೋರಾರ ವಾದವಾಗಿತ್ತು. ಇದನ್ನು ಓದಿದಾಗಲೆಲ್ಲ ನನಗೆ 1934ರ ಬಿಹಾರದ ಭೂಕಂಪ ನೆನಪಾಗುತ್ತದೆ. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದ್ದರು, ಅದನ್ನು ಒಪ್ಪದೆ ಬಹಿರಂಗವಾಗಿ ಬರೆದವರು ದೈವಭಕ್ತರೇ ಆಗಿದ್ದ ರವೀಂದ್ರನಾಥ ಠಾಕೂರರು. ಉದ್ದೇಶ ಎಷ್ಟೇ ದೊಡ್ಡದಾಗಿದ್ದರೂ ಭೂಕಂಪದಲ್ಲಿ ಸತ್ತ ಮಗುವನ್ನು ಯಾವುದೋ ಪಾಪದ ಲೆಕ್ಕಕ್ಕೆ ಜಮಾ ಮಾಡುವುದು ತಪ್ಪು. ಗಾಂಧೀಜಿ ಅಂದು ತಪ್ಪಿದರು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಆದರೆ ಅದೇ ಗಾಂಧೀಜಿ, ದೇವರೇ ಸತ್ಯ ಎಂದು ಹೇಳುತ್ತಿದ್ದವರು, 1931ರ ಹೊತ್ತಿಗೆ ಸತ್ಯವೇ ದೇವರು ಎಂದು ಮಾತನ್ನು ತಿರುಗಿಸಿಕೊಂಡಿದ್ದರು. ದೇವರನ್ನು ಅಲ್ಲಗಳೆಯುವವರೂ ಸತ್ಯವನ್ನು ಅಲ್ಲಗಳೆಯಲಾರರು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಒಬ್ಬ ಭಕ್ತ ತನ್ನ ಭಕ್ತಿಯ ಹೊಸ್ತಿಲನ್ನು ನಾಸ್ತಿಕನೂ ದಾಟಿ ಬರುವಷ್ಟು ತಗ್ಗಿಸಿದ್ದು ಅದು. ಗೋರಾ ಜೊತೆ ಮಾತಾಡಿದ ಮೇಲೆ ನನ್ನ ಆಸ್ತಿಕತೆ ಸರಿಯೆಂದಾಗಲಿ, ನಿಮ್ಮ ನಾಸ್ತಿಕತೆ ತಪ್ಪೆಂದಾಗಲಿ ಹೇಳಲಾರೆ, ನಾವಿಬ್ಬರೂ ಸತ್ಯವನ್ನು ಹುಡುಕುವವರು ಎಂಬ ಮಾತಿಗೆ ಅವರು ಬಂದರು. ಇದು ಸೌಜನ್ಯದ ಮಾತಾಗಿಯಷ್ಟೇ ಉಳಿಯಲಿಲ್ಲ. ಗೋರಾ ತಮ್ಮ ಮಗಳು ಮನೋರಮಾಳನ್ನು ದಲಿತ ಯುವಕ ಅರ್ಜುನ ರಾವ್ ಅವರಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಆ ಮದುವೆ ಸೇವಾಗ್ರಾಮದಲ್ಲೇ ನಡೆಯಲಿ ಎಂದವರು ಗಾಂಧೀಜಿ. ಆಶ್ರಮದ ಮದುವೆಯ ವಿಧಿಯಲ್ಲಿ ದೇವರ ಹೆಸರು ಬರುವ ಕಡೆ ಸತ್ಯದ ಹೆಸರು ಹೇಳಲು ಅವರು ಒಪ್ಪಿದ್ದರು. ಆ ದಿನವನ್ನು ನೋಡಲು ಅವರು ಉಳಿಯಲಿಲ್ಲ. 1948ರ ಜನವರಿ 30 ಕಳೆದು ಆರು ವಾರಗಳ ಮೇಲೆ, ಮಾರ್ಚ್ 13ರಂದು ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು.

ಕನ್ನಡದವರಿಗೆ ಈ ಮದುವೆಯ ಸುದ್ದಿ ಇನ್ನೊಂದು ಮದುವೆಯನ್ನು ನೆನಪಿಸದೆ ಇರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯ ಕಥೆಯನ್ನು ನಮ್ಮ ಪರಂಪರೆ ಇಂದಿಗೂ ಹೇಳುತ್ತಿದೆ. ಆ ಇಬ್ಬರು ತಂದೆಯರನ್ನು ಎಳೆಹೂಟೆ ಶಿಕ್ಷೆಗೆ ಗುರಿಪಡಿಸಿದ್ದು, ಕಲ್ಯಾಣ ಹೊತ್ತಿ ಉರಿದದ್ದು, ಶರಣರು ಚದುರಿಹೋದದ್ದು ಎಲ್ಲವೂ ಆ ಕಥೆಯಲ್ಲಿದೆ. ಕಲ್ಯಾಣದ ಮದುವೆಗೆ ಬಲ ಕೊಟ್ಟದ್ದು ಶಿವನ ಮೇಲಿನ ನಂಬಿಕೆ. ಲಿಂಗ ಕಟ್ಟಿಕೊಂಡ ಮೇಲೆ ಜಾತಿ ಉಳಿಯುವುದಿಲ್ಲ ಎಂಬ ಅಚಲವಾದ ಶ್ರದ್ಧೆ. ಸೇವಾಗ್ರಾಮದ ಮದುವೆಗೆ ಬಲ ಕೊಟ್ಟದ್ದು ದೇವರಿಲ್ಲ, ಆದ್ದರಿಂದ ದೇವರು ಮಾಡಿದ ಜಾತಿಯೂ ಇಲ್ಲ ಎಂಬ ಅಷ್ಟೇ ಅಚಲವಾದ ತೀರ್ಮಾನ. ಏಳೆಂಟು ನೂರು ವರ್ಷಗಳ ಅಂತರದಲ್ಲಿ ಎರಡು ವಿರುದ್ಧ ದಿಕ್ಕುಗಳಿಂದ ಹೊರಟವರು ಒಂದೇ ಚಪ್ಪರಕ್ಕೆ ಬಂದು ಸೇರಿದರು. ಹಾಗೆಂದು ಇಬ್ಬರ ಮಾತೂ ಕೊನೆಗೆ ಒಂದೇ ಎಂದು ನಾನು ಹೇಳುವುದಿಲ್ಲ. ಶರಣರಿಗೆ ಶಿವ ಬರೀ ನೆಪವಾಗಿರಲಿಲ್ಲ, ಗೋರಾರ ನಾಸ್ತಿಕತೆ ವೇಷ ಬದಲಿಸಿದ ಭಕ್ತಿಯೂ ಆಗಿರಲಿಲ್ಲ. ಎಲ್ಲ ನಾಸ್ತಿಕರೂ ಒಳಗೊಳಗೆ ಆಸ್ತಿಕರೇ ಎಂದು ಬೆನ್ನು ಸವರುವವರ ಮಾತು ನನಗೆ ಅವಮಾನದಂತೆ ಕೇಳುತ್ತದೆ. ಅವರವರ ನಿಲುವನ್ನು ಅವರು ಹೇಳಿಕೊಂಡಂತೆಯೇ ಒಪ್ಪಿಕೊಳ್ಳುವುದು ನಾವು ತೋರಿಸಬೇಕಾದ ಮೊದಲ ಮರ್ಯಾದೆ.

ಆ ಮರ್ಯಾದೆಯನ್ನು ಕೇರಳದ ನಾರಾಯಣ ಗುರುಗಳು ಬಲ್ಲವರಾಗಿದ್ದರು. 1888ರಲ್ಲಿ ಅರುವಿಪ್ಪುರಂನಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ, 1912ರಲ್ಲಿ ನಮ್ಮ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಗುರುಗಳು ಮನುಷ್ಯರಿಗೆ ಒಂದೇ ಜಾತಿ, ಒಂದೇ ಮತ, ಒಂದೇ ದೇವರು ಎಂದು ಸಾರಿದರು. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ ಗುರುವಿನ ಅದೇ ವಾಕ್ಯವನ್ನು ಹಿಡಿದು ಜಾತಿ ಬೇಡ, ಮತ ಬೇಡ, ದೇವರು ಬೇಡ ಮನುಷ್ಯನಿಗೆ ಎಂದು ಬದಲಿಸಿದರು. 1917ರಲ್ಲಿ ಚೆರಾಯಿಯಲ್ಲಿ, ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಪುಲಯರ ಜೊತೆ ಕುಳಿತು ಉಂಡಿದ್ದಕ್ಕೆ ಅಯ್ಯಪ್ಪನ್ನರಿಗೆ ಸ್ವಜಾತಿಯವರೇ ಬಹಿಷ್ಕಾರ ಹಾಕಿದಾಗ ಗುರುಗಳು ಶಿಷ್ಯನನ್ನು ಕೈಬಿಡಲಿಲ್ಲ.

ಅಂಬೇಡ್ಕರ್ ಅವರಂತೂ ಈ ಎರಡು ಸಾಲುಗಳಲ್ಲಿ ಯಾವುದಕ್ಕೂ ಸೇರಲಾರದವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಸ್ವೀಕರಿಸಿದ ಬೌದ್ಧ ಧರ್ಮದಲ್ಲಿ ಸೃಷ್ಟಿಕರ್ತನಾದ ದೇವರಿಲ್ಲ, ಆದರೆ ಶೀಲವಿದೆ, ವ್ರತವಿದೆ, ಸಂಘವಿದೆ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾವು ಫ್ರಾನ್ಸಿನ ಕ್ರಾಂತಿಯಿಂದ ತಂದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದು ಅವರು ಹೇಳಿದ್ದರು. ಕಾನೂನೊಂದರಿಂದಲೇ ಬಂಧುತ್ವ ಹುಟ್ಟುವುದಿಲ್ಲ ಎಂಬುದು ಆ ಕಾನೂನನ್ನು ಬರೆದವರಿಗೇ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು.

ಈಗ ನಮ್ಮ ಮನೆಯ ವಿಷಯ. ಶಿರಾ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅಜ್ಜಿ ಸೋಮವಾರ ತಪ್ಪದೆ ಒಪ್ಪತ್ತು ಮಾಡುತ್ತಿದ್ದರು. ಬೆಳಗಿನ ದೀಪಕ್ಕೆ ಮೊದಲು ಬಾಯಿಗೆ ಹನಿ ನೀರು ಹಾಕಿದವರಲ್ಲ. ಚಿಕ್ಕಪ್ಪ ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿ ಬಂದವನು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರ ಮಾತುಗಳನ್ನು ಕೇಳಿ ದೇವರು, ಜ್ಯೋತಿಷ್ಯ, ಪವಾಡ ಎಲ್ಲವನ್ನೂ ಬಿಟ್ಟವನು. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ಸುದ್ದಿಯಿದ್ದ ಪತ್ರಿಕೆಯನ್ನು ಅವನು ಮಡಿಸಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ಖಾದಿ ತೊಟ್ಟು, ಗಾಂಧಿ ಟೋಪಿ ಹಾಕಿ, ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿ ಜೀವನ ಕಳೆದ ಆ ಮೇಷ್ಟರ ಬಗ್ಗೆ ಮಾತಾಡುವಾಗ ಚಿಕ್ಕಪ್ಪನ ದನಿ ಬದಲಾಗುತ್ತಿತ್ತು. ಅಜ್ಜಿ ಮತ್ತು ಚಿಕ್ಕಪ್ಪನ ನಡುವೆ ದೇವರ ವಿಚಾರವಾಗಿ ವಾದ ನಡೆಯದ ದಿನ ಇರಲಿಲ್ಲ.

ಹಿತ್ತಿಲ ಸೂರಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿತ್ತು. ಅಂಚು ನೆಗ್ಗಿ, ಒಂದು ಕಡೆ ಬಾಯಿ ಅಗಲವಾಗಿತ್ತು. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ, ಊರಾಚೆಯ ಕೇರಿಯ ಹಿರಿಯರೊಬ್ಬರು ನೀರು ಕುಡಿಯುವುದಕ್ಕೆಂದು ಇಟ್ಟ ಲೋಟ ಅದು. ಅವರು ಅದನ್ನು ತಾವೇ ತೆಗೆದುಕೊಂಡು, ತಾವೇ ತೊಳೆದು ಹಿಡಿಯಬೇಕಿತ್ತು. ನಾನು ಚೊಂಬನ್ನು ಎತ್ತರಕ್ಕೆ ಹಿಡಿದು, ಲೋಟಕ್ಕೆ ತಾಗದಂತೆ ಸುರಿಯಬೇಕಿತ್ತು. ನನಗಾಗ ಹತ್ತೋ ಹನ್ನೊಂದೋ ವರ್ಷ. ಅವರನ್ನು ನಮ್ಮ ಮನೆಯ ಮಕ್ಕಳೂ ಏಕವಚನದಲ್ಲೇ ಕರೆಯುತ್ತಿದ್ದೆವು. ಇಂದು ಬಹುವಚನದಲ್ಲಿ ಬರೆದರೆ ಅದು ಹಿಂದಕ್ಕೆ ಹೋಗಿ ತಿದ್ದಿದಂತಾಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಅಜ್ಜಿಯ ದೇವರಿಗೆ ಆ ಲೋಟ ಕಾಣಿಸಿರಲಿಲ್ಲ. ಚಿಕ್ಕಪ್ಪನ ವಿಚಾರವಾದಕ್ಕೂ ಕಾಣಿಸಿರಲಿಲ್ಲ. ರಾಹುಕಾಲದ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಿದ್ದ ಅವನು ಪ್ರತಿದಿನ ಅದೇ ಸೂರಿನ ಕೆಳಗೆ ತಲೆ ಬಗ್ಗಿಸಿಕೊಂಡು ಹೋಗಿ ಬರುತ್ತಿದ್ದ.

ಒಂದು ವರ್ಷ ಶಿವರಾತ್ರಿ ಕಳೆದ ಬಿಸಿಲಿನಲ್ಲಿ ನಾನು ಚೊಂಬು ತೆಗೆದುಕೊಂಡು ಹೋದಾಗ ಅವರು ಲೋಟಕ್ಕೆ ಕೈ ಹಾಕಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ನೋಡಿ, "ನೀರು ಬ್ಯಾಡ ಅಮ್ಮಾರೆ, ನಂದು ನಾನೇ ತಂದಿವ್ನಿ" ಎಂದರು. ಅವರ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಸೀಸೆಯಿತ್ತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಗದ್ದಲವಿರಲಿಲ್ಲ, ಕೋಪವಿರಲಿಲ್ಲ. ಅಜ್ಜಿಗೆ ಅದು ತಡೆಯಲಾರದ ಸಂಗತಿಯಾಯಿತು. ಬಾಯಾರಿದವನು ತನ್ನ ಮನೆಯ ನೀರು ಬೇಡ ಎನ್ನುವುದು ಅವರು ಬಲ್ಲ ಧರ್ಮದಲ್ಲಿ ಮನೆಗೆ ಬಂದ ದೊಡ್ಡ ಶಾಪ. ನಾಲ್ಕನೆಯ ದಿನ ಅವರು ಊರ ದೇವರಿಗೆ ತಪ್ಪುಕಾಣಿಕೆ ಇಟ್ಟು ಬರುತ್ತೇನೆ ಎಂದು ಹೊರಟರು. ಚಿಕ್ಕಪ್ಪ ಜಗಲಿಯ ಮೇಲಿಂದಲೇ ಕೇಳಿದ: "ತಪ್ಪು ಮಾಡಿರೋದು ಅವನಿಗೆ, ಕಾಣಿಕೆ ದೇವರಿಗ್ಯಾಕಮ್ಮ?"

ಅಜ್ಜಿ ಎಲೆಅಡಿಕೆಯ ತಟ್ಟೆಯನ್ನು ಕೆಳಗಿಟ್ಟು ಅಲ್ಲೇ ಕುಳಿತರು. ಬಹಳ ಹೊತ್ತಿನ ಮೇಲೆ, "ಹಂಗಾದ್ರೆ ಅವನ ಮನೆಗೇ ಹೋಗೋಣ, ನೀನೂ ಬಾ" ಎಂದರು. ಚಿಕ್ಕಪ್ಪನ ಮುಖ ಆಗ ಹೇಗಾಯಿತು ಎಂಬುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಸ್ಪೃಶ್ಯತೆ 1955ರ ಕಾನೂನಿನ ಪ್ರಕಾರ ಅಪರಾಧ ಎಂದು ಸಭೆಯಲ್ಲಿ ನಿಂತು ಹೇಳುತ್ತಿದ್ದವನು ಆ ಕೇರಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಅವನ ನಾಸ್ತಿಕತೆ ಸರಿಯಾಗಿ ಗುರುತಿಸಿತ್ತು; ಎದ್ದು ಹೊರಡುವ ಕಾಲುಗಳನ್ನು ಅಜ್ಜಿಯ ಭಕ್ತಿ ಕೊಟ್ಟಿತು. ಆದರೆ ಇಬ್ಬರನ್ನೂ ಕುಳಿತಲ್ಲಿಂದ ಅಲುಗಿಸಿದ್ದು ನೀರು ಬೇಡ ಎಂದ ಆ ಒಂದು ಮಾತು. ಅನ್ಯಾಯಕ್ಕೆ ಒಳಗಾದವರು ಬಾಯಿ ತೆರೆದಾಗ ಹಣೆಬರಹ ಎಂದು ಹೇಳಿ ಆ ಬಾಯಿ ಮುಚ್ಚಿಸುವ ನಂಬಿಕೆಯೂ, ಚರಿತ್ರೆಯ ನಿಯಮ ಎಂದು ಹೇಳಿ ಮುಚ್ಚಿಸುವ ನಾಸ್ತಿಕತೆಯೂ ದಾರಿ ತೋರಿಸಲಾರವು. ಎದ್ದು ಹೋಗಿ ಅವರ ಮನೆಯ ಮುಂದೆ ನಿಲ್ಲಬಲ್ಲವಾದರೆ ಎರಡೂ ತೋರಿಸಬಲ್ಲವು. ನಾನು ಇಷ್ಟು ವರ್ಷ ಓದಿ, ಯೋಚಿಸಿ ಬಂದು ನಿಂತ ಜಾಗ ಇದು.

ನಾನೂ ಅವರ ಹಿಂದೆ ಹೋಗಿದ್ದೆ. ಆ ಮನೆಯ ಜಗಲಿಯ ಮೇಲೆ ಕುಳಿತು ಅಜ್ಜಿ ನೀರು ಕೇಳಿದರು. ಆ ಹಿರಿಯರ ಸೊಸೆ ತಂದುಕೊಟ್ಟ ಹಿತ್ತಾಳೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ ಕುಡಿಯದೆ, ಕಚ್ಚಿ ಕುಡಿದರು. ಇನ್ನು ಮೇಲೆ ಸೂರಿನ ಲೋಟ ಇರುವುದಿಲ್ಲ ಎಂದರು. ಆ ಹಿರಿಯರು ಸಂತೋಷಪಟ್ಟಂತೆ ಕಾಣಲಿಲ್ಲ. ಕ್ಷಮೆಯ ಮಾತನ್ನೂ ಆಡಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿ, "ಲೋಟದ ಮಾತು ಹಂಗಿರ್ಲಿ ಅಮ್ಮಾರೆ. ಸುಗ್ಗೀಲಿ ರಾಗಿ ಅಳೀವಾಗ ನಮ್ಮ ಸೇರು ಸವರ್ಬ್ಯಾಡಿ" ಎಂದರು.

ಕಣದಲ್ಲಿ ಕೂಲಿಯ ರಾಗಿ ಅಳೆಯುವಾಗ ಊರೊಳಗಿನ ಆಳುಗಳಿಗೆ ಸೇರಿನ ಮೇಲೆ ಗೋಪುರ ನಿಲ್ಲುವಂತೆ ತುಂಬಿ ಹಾಕುತ್ತಿದ್ದರು, ಕೇರಿಯವರಿಗೆ ಮಾತ್ರ ಅಂಗೈಯಿಂದ ಸವರಿ ಮಟ್ಟಮಾಡಿ ಹಾಕುತ್ತಿದ್ದರು. ಅದು ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೂ ಗೊತ್ತಿರಲಿಲ್ಲವಂತೆ. ಅಜ್ಜಿಗೆ ಗೊತ್ತಿತ್ತು, ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ.

ಆ ವರ್ಷದ ಸುಗ್ಗಿಯಲ್ಲಿ ಅಳೆಯುವ ಕೆಲಸವನ್ನು ಅಜ್ಜಿ ಯಾರಿಗೂ ಬಿಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಶಿಗೆ ಕೈಮುಗಿದು, ಮೊದಲ ಸೇರನ್ನು ತುಂಬಿಸಿ ಎತ್ತಿದರು. ರಾಗಿ ಅಂಚಿನಿಂದ ಉದುರುತ್ತಿತ್ತು. ಚಿಕ್ಕಪ್ಪ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು ಆ ಹಿರಿಯರ ಚೀಲದ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಿದ್ದ.